ಚಳಿಯೊಂದೇ ಮರ ಕೊಲ್ಲುವುದಿಲ್ಲ

ಹಿತ್ತಲು–ಅಂಗಳ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಿಮ ಕರಗುವ ಹೊತ್ತಿಗೆ ಈ ಅಂಕಣಕ್ಕೆ ಮರದ ಪತ್ರಗಳದ್ದೇ ಹಂಗಾಮು. ಈ ಸಲ ಬಂದವು ಹೆಚ್ಚುಕಡಿಮೆ ಎಲ್ಲವೂ ಅಮೆರಿಕದ ಮಿನ್ನೆಸೋಟದಲ್ಲಿ ಮನೆ ಮಾಡಿರುವ ಕನ್ನಡಿಗರವು. ನಾನಿರುವುದೂ ಅಲ್ಲೇ, ಸೇಂಟ್ ಪಾಲ್ ಪಕ್ಕದಲ್ಲಿ. ಮೊದಲು ಒಂದು ನರ್ಸರಿಯಲ್ಲಿ ಗಿಡ ಮಾರುತ್ತಿದ್ದೆ. ಈಗ ಮಾರುವುದಿಲ್ಲವಾದ್ದರಿಂದ ಯಾವುದು ಬೇಡ ಎನ್ನುವುದನ್ನೂ ಬಾಯಿಬಿಟ್ಟು ಹೇಳಬಹುದು.

*

ಪ್ರಶ್ನೆ: ಪ್ಲಿಮತ್‌ನಲ್ಲಿ ಹೊಸ ಮನೆ ತಗೊಂಡಿದ್ದೇವೆ. ಬಿಲ್ಡರ್ ಮುಂದೆ ಒಂದು ಮೇಪಲ್ ನೆಟ್ಟು ಹೋಗಿದ್ದಾನೆ, ಮಿಕ್ಕಿದ್ದೆಲ್ಲ ಬರೀ ಹುಲ್ಲು. ಇನ್ನೂ ನಾಲ್ಕೈದು ಮರ ಹಾಕುವ ಆಸೆ. ಹೊಸ ನಕ್ಷೆಯಲ್ಲಿ ನಮ್ಮೂರು 5ನೇ ವಲಯಕ್ಕೆ ಬಂದಿದೆಯಂತೆ. ಹಾಗಾದರೆ 5 ಎಂದು ಚೀಟಿ ಇರುವ ಮರಗಳನ್ನೆಲ್ಲ ಹಾಕಬಹುದೇ? ನನಗೆ ಮೇಪಲ್ ಇಷ್ಟ, ನಮ್ಮ ಯಜಮಾನರಿಗೆ ಬೇಗ ನೆರಳು ಬೇಕು. — ಹೊಸ ಮನೆಯಾಕೆ

ಉತ್ತರ: ನಕ್ಷೆ ಸರಿಯಾಗೇ ಇದೆ, ಆದರೆ ಅದು ಹೇಳುವುದು ಸರಾಸರಿ. ದೇಶವನ್ನು ಚಳಿಯ ಲೆಕ್ಕದಲ್ಲಿ ವಲಯಗಳಾಗಿ ಹಂಚಿ ಇಲ್ಲಿನ ಕೃಷಿ ಇಲಾಖೆ 2023ರಲ್ಲಿ ಹೊರಡಿಸಿದ ನಕ್ಷೆ ಅದು; ವಲಯದ ಸಂಖ್ಯೆ ಚಿಕ್ಕದಾದಷ್ಟೂ ಚಳಿ ಹೆಚ್ಚು. 1991ರಿಂದ 2020ರವರೆಗೆ ಪ್ರತಿ ವರ್ಷದ ಅತಿ ಚಳಿಯ ರಾತ್ರಿಯನ್ನು ಹೆಕ್ಕಿ, ಆ 30 ರಾತ್ರಿಗಳ ಸರಾಸರಿ ತೆಗೆದಿದ್ದಾರೆ. 5ಎ ಎಂದರೆ ಮೈನಸ್ 20ರಿಂದ ಮೈನಸ್ 15 ಫ್ಯಾರನ್‌ಹೀಟ್. ಊರಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಮೈನಸ್ 29ರಿಂದ ಮೈನಸ್ 26 ಸೆಲ್ಸಿಯಸ್. ಸರಾಸರಿ ಅಂದಮೇಲೆ ಅದಕ್ಕಿಂತ ಕೆಳಗಿಳಿದ ವರ್ಷಗಳೂ ಅದರಲ್ಲೇ ಅಡಗಿವೆ. 2019ರ ಜನವರಿ 30ರಂದು ಮಿನ್ನಿಯಾಪೊಲಿಸ್‌ನಲ್ಲಿ ಮೈನಸ್ 28 ಫ್ಯಾರನ್‌ಹೀಟ್ ಆಗಿತ್ತು. ಅದು 4ಎ ವಲಯದ ಚಳಿ. ಹೂವಿನ ಗಿಡ ಹೋದರೆ ಹೋಯಿತು, ಮರುವರ್ಷ ಇನ್ನೊಂದು ತಂದರಾಯಿತು. ಮೊಮ್ಮಕ್ಕಳ ಕಾಲಕ್ಕೂ ಇರಲಿ ಎಂದು ನೆಡುವ ಮರಕ್ಕೆ ಆ ಮಾತು ಹೇಳಲಾಗದು. ದೊಡ್ಡ ಮರಗಳೆಲ್ಲ 4ನೇ ವಲಯಕ್ಕೆ ಅಥವಾ 3ಕ್ಕೆ ಒಗ್ಗುವಂಥವೇ ಇರಲಿ. 5ರದ್ದು ಬೇಕೇ ಬೇಕೆಂದರೆ ಗಾಳಿಯ ಮರೆಯಲ್ಲಿ ಒಂದು ಸಣ್ಣ ಮರ ಹಾಕಿ, ಅದು ಹೋದರೂ ಅಂಗಳ ಬೋಳಾಗದ ಹಾಗೆ.

ಚೀಟಿಯ ಸಂಖ್ಯೆಯ ಜೊತೆಗೆ ಇನ್ನೊಂದು ಕೇಳಿ: ಬೀಜ ಎಲ್ಲಿಯದು? ರೆಡ್ ಮೇಪಲ್ ಫ್ಲಾರಿಡಾದಿಂದ ಕೆನಡಾದವರೆಗೆ ಕಾಡಿನಲ್ಲೇ ಬೆಳೆಯುತ್ತದೆ. ಹೆಸರು ಒಂದೇ, ಆದರೆ ದಕ್ಷಿಣದ ಬೀಜದಿಂದ ಬಂದ ಸಸಿಗೆ ಇಲ್ಲಿನ ಆಗಸ್ಟ್–ಸೆಪ್ಟೆಂಬರಿನಲ್ಲಿ ಹಗಲು ಕುಗ್ಗುವುದನ್ನು ನೋಡಿ ಚಳಿಗೆ ಸಜ್ಜಾಗುವುದು ಗೊತ್ತಿರುವುದಿಲ್ಲ. ಅಕ್ಟೋಬರಿನಲ್ಲೂ ಚಿಗುರಿಕೊಂಡೇ ಇರುತ್ತದೆ, ಒಂದು ರಾತ್ರಿಯಲ್ಲಿ ಕಪ್ಪಾಗುತ್ತದೆ. ಇಲ್ಲಿನದೇ ತಳಿಯಾದರೆ ಹಗಲು ಕುಗ್ಗುತ್ತಲೇ ಒಳಗೆ ತಯಾರಿ ಶುರು. ಓಕ್, ಮೇಪಲ್‌ಗಳ ಕಾಂಡದ ಕೆಲವು ಜೀವಕೋಶಗಳಲ್ಲಿ ನೀರು ಮೈನಸ್ 40ರ ಹತ್ತಿರದವರೆಗೂ ಹೆಪ್ಪುಗಟ್ಟದೆ ನೀರಾಗಿಯೇ ಉಳಿಯುತ್ತದೆ (ಮೈನಸ್ 40 ಎರಡೂ ಮಾಪಕದಲ್ಲಿ ಒಂದೇ, ನೆನಪಿಡಲು ಸುಲಭ). ಅದನ್ನು ದಾಟಿದರೆ ಕಷ್ಟ. ಬರ್ಚ್, ಆಸ್ಪೆನ್, ವಿಲ್ಲೋಗಳ ದಾರಿ ಬೇರೆ: ಕೋಶದೊಳಗಿನ ನೀರನ್ನು ಹೊರಗೆ ಬಿಟ್ಟು ಅಲ್ಲೇ ಮಂಜುಗಡ್ಡೆಯಾಗಲು ಬಿಡುತ್ತವೆ, ಒಳಗೆ ಜೀವ ಹಿಡಿದುಕೊಂಡಿರುತ್ತವೆ. ರಾಜ್ಯದ ಉತ್ತರಕ್ಕೆ, 1996ರ ಫೆಬ್ರವರಿ 2ರಂದು ಮೈನಸ್ 60 ಫ್ಯಾರನ್‌ಹೀಟ್ ದಾಖಲಾದ ಟವರ್ ಎಂಬ ಊರಿನ ಕಡೆಗೆ ಹೋದಂತೆ ಓಕ್ ಕಡಿಮೆಯಾಗಿ ಬರ್ಚ್, ಆಸ್ಪೆನ್‌ಗಳೇ ಕಾಣುವುದಕ್ಕೆ ಇದೂ ಒಂದು ಕಾರಣ.

ಇನ್ನು ಮೇಪಲ್. ಬೇಡ ಎಂದರೆ ಬೇಜಾರು ಮಾಡಿಕೊಳ್ಳುತ್ತೀರಿ, ಗೊತ್ತು. ಸಂಜೆ ವಾಕಿಂಗ್ ಹೋದಾಗ ನಿಮ್ಮ ಬೀದಿಯ ಮರಗಳನ್ನು ಎಣಿಸಿ ಬನ್ನಿ, ಆಮೇಲೆ ಮಾತಾಡೋಣ. ಈ ಊರುಗಳಲ್ಲಿ ಒಂದು ಕಾಲಕ್ಕೆ ರಸ್ತೆಯ ಎರಡೂ ಬದಿಗೆ ಎಲ್ಮ್ ಮರಗಳೇ ಇದ್ದವು, ಮೇಲೆ ಕೊಂಬೆಗಳು ಕೂಡಿ ಚಪ್ಪರದ ಹಾಗೆ. 1970ರ ದಶಕದಲ್ಲಿ ಡಚ್ ಎಲ್ಮ್ ರೋಗ ಬಂದು ಸಾಲುಸಾಲೇ ಹೋದವು. ಆ ಜಾಗಕ್ಕೆ ಏನು ಹಾಕಿದರು? ಬಹಳ ಕಡೆ ಆ್ಯಶ್, ಮತ್ತೆ ಸಾಲಾಗಿ. 2002ರಲ್ಲಿ ಡೆಟ್ರಾಯ್ಟ್ ಬಳಿ ಪತ್ತೆಯಾದ, ಆ್ಯಶ್ ಮರವನ್ನು ಕೊರೆದು ಕೊಲ್ಲುವ ಎಮರಾಲ್ಡ್ ಆ್ಯಶ್ ಬೋರರ್ ಎಂಬ ಹಸಿರು ದುಂಬಿ 2009ರಲ್ಲಿ ಸೇಂಟ್ ಪಾಲ್‌ನಲ್ಲೂ ಕಂಡಿತು. ಈಗ ಎಲ್ಲರೂ ಹಾಕುತ್ತಿರುವುದು ಆಟಮ್ ಬ್ಲೇಜ್ ಎಂಬ ಮೇಪಲ್. ಮುಂದಿನ ಸಾಲು ಇದರದ್ದೇ ಎಂದು ನಾನು ಶಾಪ ಹಾಕುತ್ತಿಲ್ಲ ಮಾರಾಯ್ರೇ, ಆದರೆ ಎರಡು ಸಲ ನೋಡಿದ ಮೇಲೂ ಅದನ್ನೇ ಮಾಡುವುದು ಸರಿಯೇ? ಊರಿನ ಮರಗಳಲ್ಲಿ ಒಂದೇ ಪ್ರಭೇದ ಶೇಕಡಾ 10, ಒಂದೇ ಕುಲ 20, ಒಂದೇ ಕುಟುಂಬ 30 ಮೀರಬಾರದು ಎಂದು ಫ್ರ್ಯಾಂಕ್ ಸಾಂಟಮೋರ್ ಎಂಬ ವಿಜ್ಞಾನಿ 1990ರಲ್ಲಿ ಹೇಳಿದ್ದು ಇವತ್ತಿಗೂ ನಗರಗಳ ಅರಣ್ಯ ವಿಭಾಗದವರು ಬಳಸುವ ಲೆಕ್ಕ. ನಿಮ್ಮ ಅಂಗಳದಲ್ಲಿ ಬಿಲ್ಡರ್ ಕೊಟ್ಟ ಮೇಪಲ್ ಒಂದಿದೆ, ಅದು ಸಾಕು.

ಹಾಗಾದರೆ ಏನು ಹಾಕಲಿ? ಹಿತ್ತಲಿನ ಪಶ್ಚಿಮಕ್ಕೆ, ಮನೆಯಿಂದ ಒಂದು 20 ಅಡಿಯಾದರೂ ದೂರಕ್ಕೆ, ಬರ್ ಓಕ್. ಬೇಸಿಗೆಯಲ್ಲಿ ಇಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ, ಅಡುಗೆಮನೆಗೆ ಹೊಡೆಯುವುದು ಆ ಪಡುವಣದ ಬಿಸಿಲೇ. ಬರ್ ಓಕ್ ಇಲ್ಲಿನ ಹುಲ್ಲುಗಾವಲಿನದೇ ಮರ, 3ನೇ ವಲಯದ್ದು. ತೊಗಟೆ ಎಷ್ಟು ದಪ್ಪವೆಂದರೆ ಹುಲ್ಲಿನ ಬೆಂಕಿಯನ್ನೂ ತಡೆಯುತ್ತದೆ. ಬರವನ್ನೂ ಸುಣ್ಣದ ಮಣ್ಣನ್ನೂ ಸಹಿಸುತ್ತದೆ. ನೀರು ನಿಲ್ಲುವ ಜಾಗವಿದ್ದರೆ ಸ್ವಾಂಪ್ ವೈಟ್ ಓಕ್. ಮುಂದುಗಡೆ, ರಸ್ತೆಯ ಉಪ್ಪು ಸಿಡಿಯುವ ಕಡೆ, ಕೆಂಟಕಿ ಕಾಫಿಟ್ರೀ. ಎಸ್ಪ್ರೆಸೊ ಎಂಬ ಗಂಡು ತಳಿ ಕೇಳಿ ತನ್ನಿ, ಕಾಯಿಯ ಕಸ ಇರುವುದಿಲ್ಲ. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಶುಗರ್ ಮೇಪಲ್, ಲಿಂಡನ್, ವೈಟ್ ಪೈನ್ ಮೂರಕ್ಕೂ ಆಗದು. ರಸ್ತೆಯಂಚಿಗೆ ಇವನ್ನು ತರಲೇಬೇಡಿ. ಕಿಟಕಿಯ ಹತ್ತಿರ ಸಣ್ಣ ಮರ ಬೇಕಲ್ಲ, ಅದಕ್ಕೆ ಸರ್ವಿಸ್‌ಬೆರಿ. ವಸಂತದಲ್ಲಿ ಬಿಳಿ ಹೂವು, ಜೂನಿನಲ್ಲಿ ನೇರಳೆ ಬಣ್ಣದ ಹಣ್ಣು (ರಾಬಿನ್ ಹಕ್ಕಿಗಳು ನಿಮಗೆ ಉಳಿಸಿದರೆ), ಶರತ್ಕಾಲದಲ್ಲಿ ಎಲೆ ಕಿತ್ತಳೆ. ಮೇಪಲ್ ಫೋಟೊ ಬೇಕೆನ್ನುವವರ ಆಸೆ ಅದರಲ್ಲೇ ತೀರುತ್ತದೆ. ಐದನೆಯದು ಹ್ಯಾಕ್‌ಬೆರಿ ಇರಲಿ. ನೋಡಲು ಏನೂ ಇಲ್ಲ, ಯಾರೂ ಕೇಳಿಕೊಂಡು ಬರುವುದಿಲ್ಲ. ಗಾಳಿ, ಬರ, ಚಳಿ, ಕೆಟ್ಟ ಮಣ್ಣು ಎಲ್ಲದಕ್ಕೂ ನಿಲ್ಲುತ್ತದೆ.

ಕೆಟ್ಟ ಮಣ್ಣು ಅಂದೆ. ಹೊಸ ಬಡಾವಣೆಗಳಲ್ಲಿ ಮೇಲ್ಮಣ್ಣು ಕೆರೆದು, ಕೆಳಗಿನ ಜೇಡಿಯ ಮೇಲೆ ಯಂತ್ರ ಓಡಾಡಿಸಿ, ಅದರ ಮೇಲೆ ಹುಲ್ಲಿನ ಚಾಪೆ ಹಾಸಿ ಮನೆ ಕೊಡುತ್ತಾರೆ. ಮಣ್ಣು ಕ್ಷಾರೀಯವಾಗಿದ್ದರೆ ರಿವರ್ ಬರ್ಚ್, ರೆಡ್ ಮೇಪಲ್, ಪಿನ್ ಓಕ್ ಎಲ್ಲ ನರ ಹಸಿರಾಗಿ ಎಲೆ ಹಳದಿಯಾಗುತ್ತವೆ, ಕಬ್ಬಿಣ ಮಣ್ಣಲ್ಲಿದ್ದರೂ ಬೇರಿಗೆ ಸಿಗುವುದಿಲ್ಲ. ಗಿಡ ಕೊಳ್ಳುವ ಮೊದಲು ಮಿನ್ನೆಸೋಟ ವಿಶ್ವವಿದ್ಯಾಲಯದ ಮಣ್ಣು ಪರೀಕ್ಷಾಲಯಕ್ಕೆ ಒಂದು ಪೊಟ್ಟಣ ಕಳಿಸಿ. ಅಗೆಯುವ ಮೊದಲು 811ಕ್ಕೆ ಫೋನ್ ಮಾಡಿ. ಗ್ಯಾಸು, ಕರೆಂಟಿನ ಲೈನ್ ಎಲ್ಲಿದೆ ಎಂದು ಬಂದು ಗುರುತು ಹಾಕಿ ಹೋಗುತ್ತಾರೆ, ದುಡ್ಡಿಲ್ಲ.

ನಿಮ್ಮ ಯಜಮಾನರ ಬೇಗದ ನೆರಳಿಗೆ: ಬೇಗ ಬೆಳೆಯುವ ಸಿಲ್ವರ್ ಮೇಪಲ್, ಹೈಬ್ರಿಡ್ ಪಾಪ್ಲರ್‌ಗಳ ಮರ ಮೆದು. ಅಕ್ಟೋಬರಿನಲ್ಲಿ ಎಲೆ ಇರುವಾಗಲೇ ಒದ್ದೆ ಹಿಮ ಬಿದ್ದರೆ ಕೊಂಬೆ ಕಾರಿನ ಮೇಲಿರುತ್ತದೆ. ಕ್ಯಾಲರಿ ಪೇರ್ ಎಂದು ಯಾರಾದರೂ ಹೇಳಿದರೆ ಕೈಮುಗಿದು ಬನ್ನಿ. ಕಾಡಿಗೆ ನುಗ್ಗಿ ಹರಡುತ್ತದೆಂದು ಓಹಾಯೊ ರಾಜ್ಯ 2023ರಿಂದ ಅದರ ಮಾರಾಟವನ್ನೇ ನಿಲ್ಲಿಸಿದೆ. ಓಕ್ ನಿಧಾನ ಎನ್ನುವುದು ಅರ್ಧ ಮಾತು. ಬೇರು ಕೂತ ಮೇಲೆ ವರ್ಷಕ್ಕೆ ಒಂದಡಿಗೆ ಮೋಸವಿಲ್ಲ.

*

ಪ್ರಶ್ನೆ: ನಾನು ಹಾಸನದವಳು. ರಾಚೆಸ್ಟರ್‌ನಲ್ಲಿ ಮಗನ ಮನೆಗೆ ಬಂದಿದ್ದೇನೆ. ಹಿತ್ತಲಲ್ಲಿ ಹೋದ ವರ್ಷ ನೆಟ್ಟ ಗಿಡ ಒಣಕಡ್ಡಿಯಾಗಿ ನಿಂತಿದೆ. ಸತ್ತಿದೆಯೋ ಬದುಕಿದೆಯೋ ತಿಳಿಯುವುದು ಹೇಗೆ? ಸೊಸೆ ಕಿತ್ತುಹಾಕೋಣ ಎನ್ನುತ್ತಾಳೆ. ಮತ್ತೆ, ಸಂಪಿಗೆ, ಪಾರಿಜಾತ ಇಲ್ಲಿ ಬರುವುದೇ ಇಲ್ಲವೇ ತಾಯಿ? — ಹೆಸರು ಬೇಡ

ಉತ್ತರ: ಅಮ್ಮಾ, ಸೊಸೆಗೆ ಜೂನ್ ತಿಂಗಳವರೆಗೆ ತಡೆ ಅನ್ನಿ. ಕೊಂಬೆಯ ತುದಿಯಿಂದ ಒಂದು ಗೇಣು ಕೆಳಗೆ ಹೆಬ್ಬೆರಳಿನ ಉಗುರಿನಿಂದ ತೊಗಟೆಯನ್ನು ಎಳ್ಳಷ್ಟು ಕೆರೆಯಿರಿ. ಕೆಳಗೆ ಒದ್ದೆ ಹಸಿರು ಕಂಡರೆ ಜೀವ ಇದೆ. ಕಂದು ಬಣ್ಣ, ಒಣಕಲು ಇದ್ದರೆ ಆ ಭಾಗ ಸತ್ತಿದೆ. ಇನ್ನೂ ಕೆಳಗೆ, ಕಾಂಡದ ಕಡೆಗೆ ಬಂದು ಮತ್ತೆ ನೋಡಿ. ತುದಿ ಒಣಗಿ ಬುಡ ಹಸಿರಿರುವುದು ಇಲ್ಲಿ ಸಾಮಾನ್ಯ. ಮೊಗ್ಗನ್ನು ಎರಡು ಬೆರಳಲ್ಲಿ ಹಿಸುಕಿ: ಬದುಕಿದ್ದರೆ ಗಟ್ಟಿ, ಸತ್ತಿದ್ದರೆ ಪುಡಿಯಾಗುತ್ತದೆ. ಕೆಲವು ಮರ ಸೋಮಾರಿ. ಕಾಫಿಟ್ರೀ ಎಲ್ಲರೂ ಎಲೆ ಬಿಟ್ಟ ಮೇಲೆ ನಿಧಾನಕ್ಕೆ ಏಳುತ್ತದೆ.

ಸಂಪಿಗೆ ಇಲ್ಲಿ ಹೊರಗೆ ಬರುವುದಿಲ್ಲ. ಆದರೆ ಅದರ ನಂಟರು ಬರುತ್ತಾರೆ. ನಮ್ಮ ಸಂಪಿಗೆ ಮ್ಯಾಗ್ನೋಲಿಯಾ ಕುಲದ್ದೇ. ಅದೇ ಕುಲದ ಸ್ಟಾರ್ ಮ್ಯಾಗ್ನೋಲಿಯಾದಲ್ಲಿ ರಾಯಲ್ ಸ್ಟಾರ್ ಎಂಬ ತಳಿ 4ನೇ ವಲಯಕ್ಕೆ ಒಗ್ಗುತ್ತದೆ. ಎಲೆ ಬರುವ ಮೊದಲೇ, ಏಪ್ರಿಲ್ ಕೊನೆಗೆ, ಬೋಳು ಕೊಂಬೆ ತುಂಬ ಬಿಳಿ ಹೂವು, ಉದ್ದುದ್ದ ಎಸಳು. ಪರಿಮಳ ಇದೆ, ಸಂಪಿಗೆಯಷ್ಟು ಇಲ್ಲ. ಮುಡಿದುಕೊಳ್ಳುವಷ್ಟು ಗಟ್ಟಿ ಹೂವೂ ಅಲ್ಲ. ಮಗನಿಗೆ ಒಂದು ಮಾತು ಹೇಳಿ: ತೆಂಕಣ ಗೋಡೆಯ ಬೆಚ್ಚನೆ ಜಾಗಕ್ಕೆ ಹಾಕುವುದು ಬೇಡ. ಅಲ್ಲಿ ಬೇಗ ಮೋಸಹೋಗಿ ಅರಳುತ್ತದೆ, ಮರುದಿನದ ಇಬ್ಬನಿ ಹೆಪ್ಪುಗಟ್ಟಿ ಹೂವೆಲ್ಲ ಕಂದಾಗುತ್ತದೆ. ಮೂಡಣ ಬದಿ ಒಳ್ಳೆಯದು.

ಪಾರಿಜಾತ, ಮಲ್ಲಿಗೆ ಎರಡೂ ಇರುವ ಕುಟುಂಬದಲ್ಲೇ ಇಲ್ಲಿನ ಲೈಲ್ಯಾಕ್ ಇದೆ. ಮೇ ತಿಂಗಳಲ್ಲಿ ಅದರ ವಾಸನೆ ಪಕ್ಕದ ಮನೆಗೂ ಹೋಗುತ್ತದೆ. ಅದಕ್ಕೆ ಚಳಿಯೇ ಬೇಕು, ಚಳಿ ಸಾಲದಿದ್ದರೆ ಹೂ ಬಿಡುವುದಿಲ್ಲ. ಮರವೇ ಬೇಕೆಂದರೆ ಜಪಾನೀಸ್ ಟ್ರೀ ಲೈಲ್ಯಾಕ್, ಜೂನಿನಲ್ಲಿ ಕೆನೆ ಬಣ್ಣದ ಗೊಂಚಲು, 25 ಅಡಿಯೊಳಗೆ ನಿಲ್ಲುವುದರಿಂದ ಕರೆಂಟಿನ ತಂತಿಯ ಕೆಳಗೂ ಸೈ. ಬೆಂಗಳೂರಿನ ಜಕರಂಡ, ಟಬೂಬಿಯಾ ನೆನಪಾಗುವವರಿಗೆ ಅದೇ ಕುಟುಂಬದ ನಾರ್ದರ್ನ್ ಕಟಾಲ್ಪಾ ಇದೆ. ಅಗಲ ಎಲೆ, ಬಿಳಿ ಹೂವು, ನುಗ್ಗೆಕಾಯಿಯಂತೆ ಜೋತುಬೀಳುವ ಕಾಯಿ. ಗುಡಿಸುವ ಕೆಲಸ ಮಾತ್ರ ಮಗನಿಗೇ ಬಿಡಿ.

*

ಪ್ರಶ್ನೆ: ಅಕ್ಕಾ, ಮುಂದಿನ ಎಳೆ ಲಿಂಡನ್ ಮರದ ಕಾಂಡ ಒಂದೇ ಬದಿಗೆ ಉದ್ದಕ್ಕೆ ಸೀಳಿದೆ, ತೊಗಟೆ ಎದ್ದು ಬರುತ್ತಿದೆ. ಹೋದ ಚಳಿಗಾಲ ಅಷ್ಟೇನೂ ಜೋರಿರಲಿಲ್ಲ. ಯಾರೋ ಟಾರ್ ಬಳಿಯಿರಿ ಎಂದರು. — ವುಡ್‌ಬರಿಯಿಂದ

ಉತ್ತರ: ಸೀಳಿರುವುದು ನೈಋತ್ಯ ಬದಿಗೆ ತಾನೆ? ಫೋನಿನ ದಿಕ್ಸೂಚಿ ಇಟ್ಟು ನೋಡಿ. ಇದು ಚಳಿಯ ಕೆಲಸಕ್ಕಿಂತ ಬಿಸಿಲಿನ ಕೆಲಸ. ಫೆಬ್ರವರಿಯ ಮಧ್ಯಾಹ್ನ ಆಕಾಶ ಶುಭ್ರ, ನೆಲ ತುಂಬ ಹಿಮ. ಓರೆ ಬಿಸಿಲು ನೇರ ಕಾಂಡಕ್ಕೆ ಬೀಳುತ್ತದೆ, ಹಿಮದಿಂದ ಎದ್ದ ಪ್ರತಿಫಲನ ಬೇರೆ. ತೆಳು ತೊಗಟೆಯ ಎಳೆ ಮರದಲ್ಲಿ ಆ ಬದಿಯ ಜೀವಕೋಶಗಳು ಬೆಚ್ಚಗಾಗಿ ನಿದ್ದೆಯಿಂದ ಏಳುತ್ತವೆ. ಸೂರ್ಯ ಗ್ಯಾರೇಜಿನ ಹಿಂದೆ ಸರಿದದ್ದೇ ತಡ, ಉಷ್ಣಾಂಶ ದಬ್ಬನೆ ಬೀಳುತ್ತದೆ, ಎದ್ದವು ಹೆಪ್ಪುಗಟ್ಟಿ ಸಾಯುತ್ತವೆ. ಕಾಯಿಲೆ ಕಣ್ಣಿಗೆ ಕಾಣುವುದು ತಿಂಗಳುಗಳ ಮೇಲೆ, ತೊಗಟೆ ಒಣಗಿ ಬಿರಿದಾಗ. ಹಾಗಾಗಿ ಮೈನಸ್ 28ರ ಮೋಡದ ದಿನಕ್ಕಿಂತ ಮೈನಸ್ 5ರ ಬಿಸಿಲ ದಿನವೇ ಎಳೆ ಮರಕ್ಕೆ ಕೆಟ್ಟದ್ದು.

ನಾನು ಸಾಗರದ ಕಡೆಯ ಅಡಿಕೆ ತೋಟದವಳು. ಅಲ್ಲಿ ಎಳೆ ಅಡಿಕೆ ಮರದ ನೈಋತ್ಯ ಬದಿಗೆ ಸೋಗೆ ಕಟ್ಟುತ್ತಾರೆ, ಇಲ್ಲವೇ ಸುಣ್ಣ ಬಳಿಯುತ್ತಾರೆ, ಪಡುವಣ ಬಿಸಿಲಿಗೆ ಕಾಂಡ ಸುಟ್ಟು ಸೀಳದಿರಲಿ ಎಂದು. ಅಲ್ಲಿ ಸುಡುವುದು ಬರೀ ಬಿಸಿಲು, ಇಲ್ಲಿ ಬಿಸಿಲಾದ ಮೇಲಿನ ಚಳಿ. ಬದಿ ಅದೇ, ಉಪಾಯವೂ ಅದೇ. ನವೆಂಬರಿನಲ್ಲಿ ಕಾಂಡಕ್ಕೆ ಬಿಳಿ ಬಣ್ಣದ ಟ್ರೀ ಗಾರ್ಡ್ ಸುತ್ತಿ, ಬುಡದಿಂದ ಮೊದಲ ಕೊಂಬೆಯವರೆಗೆ. ಕಪ್ಪು ಬಣ್ಣದ್ದು ತಂದರೆ ಕಾಸು ಕೊಟ್ಟು ಬಿಸಿ ಕೊಂಡ ಹಾಗೆ. ಏಪ್ರಿಲ್‌ನಲ್ಲಿ ಮರೆಯದೆ ಬಿಚ್ಚಿ, ಬೇಸಿಗೆಯಲ್ಲಿ ಬಿಟ್ಟರೆ ಒಳಗೆ ಹುಳ, ಬೂಷ್ಟು. ತೊಗಟೆ ದಪ್ಪವಾಗುವವರೆಗೆ ಕೆಲವು ವರ್ಷ ಹೀಗೆ ಮಾಡಬೇಕು.

ಈಗ ಆಗಿರುವ ಗಾಯಕ್ಕೆ ಟಾರೂ ಬೇಡ, ಪೇಂಟೂ ಬೇಡ. ಸಡಿಲ ತೊಗಟೆಯನ್ನು ಹರಿತ ಚಾಕುವಿನಿಂದ ಬಿಡಿಸಿ, ಗಟ್ಟಿಯಾಗಿ ಅಂಟಿಕೊಂಡಿರುವುದನ್ನು ಮುಟ್ಟಬೇಡಿ. ಅಂಚಿನಲ್ಲಿ ಉಂಡೆಗಟ್ಟಿದ ಹೊಸ ತೊಗಟೆ ಒಳಕ್ಕೆ ಹರಿದು ಬರುತ್ತಿದ್ದರೆ ಮರ ತಾನೇ ನೋಡಿಕೊಳ್ಳುತ್ತದೆ. ಸುತ್ತಳತೆಯ ಅರ್ಧಕ್ಕಿಂತ ಹೆಚ್ಚು ಹೋಗಿದ್ದರೆ ಬೇರೆ ಮರದ ಯೋಚನೆ ಮಾಡಿ.

ಗಾರ್ಡ್ ಹಾಕುವಾಗಲೇ ಅದರ ಹೊರಗೆ ಸಣ್ಣ ಕಣ್ಣಿನ ತಂತಿ ಬಲೆಯನ್ನೂ ಸುತ್ತಿ. ಮೊಲಗಳು ಹಿಮದ ಮೇಲೆ ನಿಂತು ಮೇಯುತ್ತವೆ, ಆದ್ದರಿಂದ ಬಲೆಯ ಎತ್ತರವನ್ನು ನೆಲದಿಂದಲ್ಲ, ಹಿಮದ ಮಟ್ಟದಿಂದ ಎರಡಡಿ ಲೆಕ್ಕ ಹಾಕಿ. ತೊಗಟೆಯನ್ನು ಸುತ್ತಲೂ ಉಂಗುರದಂತೆ ತಿಂದುಬಿಟ್ಟರೆ ಯಾವ ಮದ್ದೂ ಇಲ್ಲ.

*

ಪ್ರಶ್ನೆ: ಪಕ್ಕದ ಮನೆಯವರಿಗೂ ನಮಗೂ ನಡುವೆ ಮರೆಗೆ ಆರ್ಬರ್‌ವೈಟಿ ಎಂಬ ನಿತ್ಯಹಸಿರು ಗಿಡದ ಸಾಲು ಹಾಕಿದ್ದೆವು. ಕೆಳಗಿನ ಐದಡಿಯನ್ನು ಜಿಂಕೆ ತಿಂದು ಹೋಗಿವೆ. ಈಗ ಬ್ಲೂ ಸ್ಪ್ರೂಸ್ ಹಾಕಲೇ?

ಉತ್ತರ: ಜಿಂಕೆಗೆ ಆರ್ಬರ್‌ವೈಟಿ ಚಳಿಗಾಲದ ಊಟ. ಬೇಲಿಯಿಲ್ಲದೆ ಹಾಕಿದರೆ ಅವಕ್ಕೇ ಬಡಿಸಿದಂತೆ. ತಿಂದ ಭಾಗ ಮತ್ತೆ ಚಿಗುರುವುದು ಅಪರೂಪ, ಕಾಯಬೇಡಿ. ಬ್ಲೂ ಸ್ಪ್ರೂಸ್ ಹುಟ್ಟೂರು ಒಣಹವೆಯ ರಾಕಿ ಪರ್ವತ. ಇಲ್ಲಿನ ಸೆಕೆಗೆ ಅದಕ್ಕೆ ಶಿಲೀಂಧ್ರ ರೋಗ ಬಂದು ಒಳಗಿನ ಸೂಜಿಗಳು ನೇರಳೆ–ಕಂದಾಗಿ ಉದುರುತ್ತವೆ, ಕೆಳಗಿನ ಕೊಂಬೆಯಿಂದ ಬೋಳಾಗುತ್ತ ಹೋಗುತ್ತದೆ. ಮರೆಗೆಂದು ನೆಟ್ಟದ್ದು ಕೆಳಗಿನಿಂದಲೇ ಬೋಳಾದರೆ ಏನು ಬಂತು? ಬ್ಲ್ಯಾಕ್ ಹಿಲ್ಸ್ ಸ್ಪ್ರೂಸ್ ಹಾಕಿ. ಒತ್ತೊತ್ತಾಗಿ ಬೆಳೆಯುತ್ತದೆ, ಚುಚ್ಚುತ್ತದೆ, ಜಿಂಕೆಗೆ ಇಷ್ಟವಿಲ್ಲ. ನೀಲಿ ಛಾಯೆಯೇ ಬೇಕೆಂದರೆ ಕಾನ್‌ಕಲರ್ ಫರ್. ಒಂದೇ ಸಾಲಿನಲ್ಲಿ ಒಂದೇ ಜಾತಿ ಬೇಡ, ಎರಡು ಮೂರು ಬೆರಸಿ, ಗೆರೆ ಎಳೆದಂತಲ್ಲದೆ ಹಿಂದುಮುಂದಾಗಿ ಹಾಕಿ. ಸಾಲು ವಾಯುವ್ಯಕ್ಕೆ ಬಂದರೆ ಚಳಿಗಾಳಿಯೂ ತಡೆಯುತ್ತದೆ. ಡ್ರೈವ್‌ವೇ ಪಕ್ಕ ಮಾತ್ರ ಬೇಡ, ಗಾಳಿ ತಡೆದ ಕಡೆ ಹಿಮ ರಾಶಿ ಬೀಳುತ್ತದೆ, ಸಲಿಕೆ ಹಿಡಿಯುವವರು ನೀವೇ.

ನಿತ್ಯಹಸಿರು ಮರಗಳಿಗೆ ಇನ್ನೊಂದು ತೊಂದರೆ. ನೆಲ ಹೆಪ್ಪುಗಟ್ಟಿ ಬೇರಿಗೆ ನೀರು ಸಿಗದಿರುವಾಗಲೂ ಬಿಸಿಲು–ಗಾಳಿಗೆ ಸೂಜಿಗಳಿಂದ ನೀರು ಆರುತ್ತಲೇ ಇರುತ್ತದೆ. ಮಾರ್ಚಿನಲ್ಲಿ ಕಂದಾಗಿ ನಿಂತದ್ದು ಬಾಯಾರಿಕೆಯಿಂದ. ನವೆಂಬರಿನಲ್ಲಿ ನೆಲ ಗಟ್ಟಿಯಾಗುವ ದಿನದವರೆಗೂ ನೀರು ಹಾಕಿ, ಹೋಸ್ ಪೈಪನ್ನು ಸೆಪ್ಟೆಂಬರಿನಲ್ಲೇ ಸುತ್ತಿಡಬೇಡಿ.

*

ಪ್ರಶ್ನೆ: ಗುತ್ತಿಗೆಗೆ ಕೊಟ್ಟು ಮರ ನೆಡಿಸಿದೆವು. ಮೂರು ವರ್ಷವಾದರೂ ಅಷ್ಟೇ ಇದೆ. ಪ್ರತಿ ಆಗಸ್ಟಿನಲ್ಲಿ ಎಲ್ಲರಿಗಿಂತ ಮೊದಲು ಎಲೆ ಕೆಂಪಾಗುತ್ತದೆ. ಚಳಿ ತಡೆಯದ ಜಾತಿಯೇ?

ಉತ್ತರ: ಬುಡಕ್ಕೆ ಹೋಗಿ ನೋಡಿ. ಕಾಂಡ ನೆಲಕ್ಕೆ ಸೇರುವಲ್ಲಿ ಆನೆಕಾಲಿನಂತೆ ಅಗಲವಾಗಿ ಹರಡಿದೆಯೋ, ಅಥವಾ ಕಂಬ ಹುಗಿದಂತೆ ನೇರ ಒಳಕ್ಕೆ ಇಳಿದಿದೆಯೋ? ನೇರ ಇಳಿದಿದ್ದರೆ ಆಳಕ್ಕೆ ನೆಟ್ಟಿದ್ದಾರೆ. ಚಳಿಗಾಲದ ನಷ್ಟ ಎಂದು ಜನ ನರ್ಸರಿಗೆ ಹೊತ್ತು ತಂದ ಮರಗಳಲ್ಲಿ ನಾನು ಕಂಡದ್ದು ಇದನ್ನೇ ಹೆಚ್ಚು, ಬೈಸಿಕೊಳ್ಳುವುದು ಮಾತ್ರ ಚಳಿ. ಆಳದಲ್ಲಿ ಉಸಿರು ಸಿಗದೆ ಬೇರುಗಳು ಮೇಲಕ್ಕೆ ಬಂದು ಕಾಂಡವನ್ನೇ ಸುತ್ತಿಕೊಳ್ಳುತ್ತವೆ. ಕಾಂಡ ದಪ್ಪವಾದಂತೆ ಆ ಬೇರು ಬಿಗಿಯುತ್ತದೆ. ಕೆಲವಕ್ಕೆ ಹತ್ತು–ಹದಿನೈದು ವರ್ಷ ಏನೂ ಆಗದು, ಒಂದು ದಿನ ಬಿರುಗಾಳಿಗೆ ನೆಲಮಟ್ಟದಲ್ಲೇ ಮುರಿಯುತ್ತವೆ.

ನಮ್ಮವರು ಕೈಯಾರೆ ನೆಟ್ಟಾಗಲೂ ಇದೇ. ಊರಿನಲ್ಲಿ ತೆಂಗಿಗೆ ಮೂರಡಿ ಗುಂಡಿ ತೋಡಿ ಅಭ್ಯಾಸ, ಅದೇ ಕೈ ಇಲ್ಲಿಗೂ ಬರುತ್ತದೆ. ಇಲ್ಲಿ ಗುಂಡಿಯ ಅಗಲ ಬೇರುಂಡೆಯ ಎರಡು ಮೂರು ಪಟ್ಟು, ಆಳ ಬೇರುಂಡೆಯಷ್ಟೇ, ಅದಕ್ಕೂ ತುಸು ಕಡಿಮೆ. ನೆಡುವ ಮೊದಲು ಉಂಡೆಯ ಮೇಲಿನ ಮಣ್ಣನ್ನು ಬೆರಳಿನಿಂದ ಕೆದಕಿ ಮೊದಲ ದಪ್ಪ ಬೇರನ್ನು ಹುಡುಕಿ. ಕುಂಡದಲ್ಲೇ ನಾಲ್ಕೈದು ಇಂಚು ಮಣ್ಣಿನಡಿ ಹೂತಿರುವುದು ಉಂಟು. ಆ ಬೇರು ನೆಲಮಟ್ಟಕ್ಕೆ ಬರಬೇಕು. ಕುಂಡದೊಳಗೆ ಸುತ್ತಿಕೊಂಡ ಬೇರುಗಳನ್ನು ನಾಲ್ಕೂ ಬದಿಯಿಂದ ಗರಗಸದಲ್ಲಿ ಕೊಯ್ದು ಹಾಕಿ, ಮರುಕ ಬೇಡ. ಗೋಣಿ ಮತ್ತು ತಂತಿ ಬುಟ್ಟಿಯಲ್ಲಿ ಬಂದಿದ್ದರೆ ಗುಂಡಿಗೆ ಇಳಿಸಿದ ಮೇಲೆ ಮೇಲ್ಭಾಗದ್ದನ್ನು ಕತ್ತರಿಸಿ ತೆಗೆಯಿರಿ. ಮರದ ಚಕ್ಕೆಯ ಮುಚ್ಚಿಗೆ ಮೂರ್ನಾಲ್ಕು ಇಂಚು ದಪ್ಪ ಸಾಕು, ಕಾಂಡಕ್ಕೆ ತಾಗಬಾರದು. ಬುಡಕ್ಕೆ ಗೋಪುರದಂತೆ ಏರಿಸುವುದು ಈ ದೇಶದ ದೊಡ್ಡ ರೋಗ.

ಮೊದಲ ಎರಡು ವಾರ ದಿನಾ ನೀರು, ಮೂರು ತಿಂಗಳವರೆಗೆ ಎರಡು ಮೂರು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ. ಕಾಂಡದ ದಪ್ಪ ಇಂಚಿಗೆ ಒಂದು–ಒಂದೂವರೆ ಗ್ಯಾಲನ್. ಈ ಚಳಿ ಊರಿನಲ್ಲಿ ಬೇರು ಕೂರಲು ಕಾಂಡದ ಪ್ರತಿ ಇಂಚಿಗೆ ಸುಮಾರು ಒಂದೂವರೆ ವರ್ಷ ಬೇಕು. ಆದ್ದರಿಂದ ದುಡ್ಡಿದೆ ಎಂದು ಮೂರಿಂಚಿನ ಮರ ತರುವವರಿಗಿಂತ ಒಂದಿಂಚಿನದು ತಂದವರ ಮರ ಬೇಗ ಏಳುತ್ತದೆ.

ನಿಮ್ಮ ಮರ ಮೂರೇ ವರ್ಷದ್ದಾದ್ದರಿಂದ ಶರತ್ಕಾಲದಲ್ಲಿ ಎಲೆ ಉದುರಿದ ಮೇಲೆ ಅಗೆದು, ಎತ್ತಿ, ಸರಿಯಾಗಿ ಮತ್ತೆ ನೆಡಿ. ಗುತ್ತಿಗೆಯವರ ಕರಾರಿನಲ್ಲಿ ಗ್ಯಾರಂಟಿ ಇದ್ದರೆ ಅದಕ್ಕೂ ಮೊದಲು ಬುಡದ ಫೋಟೊ ತೆಗೆದಿಟ್ಟುಕೊಳ್ಳಿ.

*

ಪ್ರಶ್ನೆ: ಹನಿಕ್ರಿಸ್ಪ್ ಸೇಬಿನ ಮರ ಹೂ ಬಿಡುತ್ತದೆ, ಕಾಯಿ ಇಲ್ಲ.

ಉತ್ತರ: ಒಂಟಿ ಮರವೇ? ಸೇಬಿಗೆ ಬೇರೆ ತಳಿಯ ಪರಾಗ ಬೇಕು. ಎರಡು ಹನಿಕ್ರಿಸ್ಪ್ ಹಾಕಿದರೂ ಪ್ರಯೋಜನವಿಲ್ಲ, ಅವು ಒಂದೇ ಮರದ ಕಸಿ. ನೂರಡಿಯೊಳಗೆ ಹ್ಯಾರಲ್ಸನ್ ಅಥವಾ ಒಂದು ಕ್ರ್ಯಾಬ್‌ಆ್ಯಪಲ್ ಇದ್ದರೆ ಜೇನುಹುಳು ಮಿಕ್ಕಿದ್ದು ನೋಡಿಕೊಳ್ಳುತ್ತವೆ. ಅಂದಹಾಗೆ ಹನಿಕ್ರಿಸ್ಪ್ ಈ ಚಳಿಗೆಂದೇ ಮಿನ್ನೆಸೋಟ ವಿಶ್ವವಿದ್ಯಾಲಯ ಬೆಳೆಸಿ 1991ರಲ್ಲಿ ಬಿಡುಗಡೆ ಮಾಡಿದ ತಳಿ. ಚಳಿಯ ಮೇಲೆ ಅನುಮಾನ ಬೇಡ. ಹ್ಯಾರಲ್ಸನ್ ಹುಳಿ ಹೆಚ್ಚು, ತೊಕ್ಕಿಗೆ ಚೆನ್ನ.

*

ಪ್ರಶ್ನೆ: ಹಳೆ ಮನೆ, ದೊಡ್ಡ ಆ್ಯಶ್ ಮರ. ಕಡಿಸಬೇಕೇ?

ಉತ್ತರ: ಮೇಲೆ ಹೇಳಿದ ಹಸಿರು ದುಂಬಿಯ ಭಯ ತಾನೆ? ಮರದ ತಲೆ ನೋಡಿ. ಮೇಲಿನ ಕೊಂಬೆಗಳು ಒಂದು ಮೂರನೇ ಭಾಗಕ್ಕಿಂತ ಕಡಿಮೆ ಒಣಗಿದ್ದರೆ, ಮರ ನಿಮಗೆ ಬೇಕಾದದ್ದಾದರೆ, ಕಾಂಡಕ್ಕೆ ಎಮಾಮೆಕ್ಟಿನ್ ಬೆಂಜೊಯೇಟ್ ಚುಚ್ಚುಮದ್ದು ಕೊಡಿಸಬಹುದು. ಎರಡು–ಮೂರು ವರ್ಷಕ್ಕೊಮ್ಮೆ, ಜೀವನಪೂರ್ತಿ. ಮರಕುಟಿಗ ತೊಗಟೆ ಸುಲಿದು ಬಿಳಿಚಿಸಿದ್ದರೆ ಒಳಗೆ ಹುಳು ತುಂಬಿವೆ, ತಡವಾಗಿದೆ. ಸತ್ತ ಆ್ಯಶ್ ಬಹಳ ಬೇಗ ಪೆಡಸಾಗುತ್ತದೆ, ಹತ್ತಲು ಆಳುಗಳು ಹೆದರುತ್ತಾರೆ, ಕೂಲಿ ಏರುತ್ತದೆ. ಕಡಿಸುವುದಾದರೆ ಮರಕ್ಕೆ ಜೀವ ಇರುವಾಗಲೇ ತೀರ್ಮಾನ ಮಾಡಿ. ಸೌದೆಯನ್ನು ಬೇರೆ ಊರಿಗೆ ಸಾಗಿಸಬೇಡಿ, ದುಂಬಿ ಅದರಲ್ಲೇ ಪ್ರಯಾಣ ಮಾಡುತ್ತದೆ.

*

ಪ್ರಶ್ನೆ: ಅಪ್ಪ–ಅಮ್ಮ ಬರುವಾಗ ಸೂಟ್‌ಕೇಸಿನಲ್ಲಿ ಕರಿಬೇವಿನ ಸಸಿ, ಹೊಂಗೆ ಬೀಜ ತರಲಿ ಎಂದಿದ್ದೇನೆ.

ಉತ್ತರ: ಬೇಡವೇ ಬೇಡ. ಕರಿಬೇವು ನಿಂಬೆಯ ಕುಟುಂಬದ್ದು, ಕಿತ್ತಳೆ ತೋಟಗಳನ್ನು ಹಾಳುಮಾಡುವ ಗ್ರೀನಿಂಗ್ ರೋಗ ಹರಡುವ ಕೀಟಕ್ಕೆ ಆಸರೆ. ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳುತ್ತಾರೆ, ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ, ವಯಸ್ಸಾದವರಿಗೆ ಆ ಪಾಡು ಯಾಕೆ? ಹೊಂಗೆ ಇಲ್ಲಿನ ಒಂದು ಚಳಿಗಾಲವನ್ನೂ ಕಾಣುವುದಿಲ್ಲ. ಕರಿಬೇವಿನ ಗಿಡ ಇಲ್ಲೇ ಸಿಗುತ್ತದೆ, ಕುಂಡದಲ್ಲಿಟ್ಟು ಅಕ್ಟೋಬರಿಗೆ ಒಳಗೆ ತನ್ನಿ.

*

ಪ್ರಶ್ನೆ: ಮೇ ತಿಂಗಳಲ್ಲಿ ಓಕ್ ಮರದ ಕೊಂಬೆ ಸವರಲು ಆಳು ಸಿಕ್ಕಿದ್ದಾನೆ. ಈಗಲೇ ಮಾಡಿಸಲೇ?

ಉತ್ತರ: ಏಪ್ರಿಲ್‌ನಿಂದ ಜುಲೈವರೆಗೆ ಓಕ್‌ಗೆ ಗರಗಸ ತಾಗಿಸಬೇಡಿ. ಹಸಿ ಗಾಯದ ವಾಸನೆಗೆ ಬರುವ ಸಣ್ಣ ದುಂಬಿಗಳು ಓಕ್ ವಿಲ್ಟ್ ರೋಗದ ಶಿಲೀಂಧ್ರ ತರುತ್ತವೆ. ರೆಡ್ ಓಕ್ ಆದರೆ ಕೆಲವೇ ವಾರಗಳಲ್ಲಿ ಇಡೀ ಮರ ಹೋಗುತ್ತದೆ, ಬೇರಿನ ಮೂಲಕ ಪಕ್ಕದವರ ಓಕ್‌ಗೂ ದಾಟುತ್ತದೆ. ಬಿರುಗಾಳಿಗೆ ಕೊಂಬೆ ಮುರಿದು ಕತ್ತರಿಸಲೇಬೇಕಾಗಿ ಬಂದರೆ, ಆ ಹೊತ್ತಿಗೆ ಮಾತ್ರ, ಕತ್ತರಿಸಿದ ಕೆಲವೇ ನಿಮಿಷದಲ್ಲಿ ಗಾಯಕ್ಕೆ ಪೇಂಟ್ ಬಳಿಯಬೇಕು. ಲಿಂಡನ್‌ಗೆ ಬೇಡ ಎಂದವಳು ಇಲ್ಲಿ ಬಳಿಯಿರಿ ಎನ್ನುತ್ತೇನಲ್ಲ ಎಂದು ಪತ್ರ ಬರೆಯಬೇಡಿ, ಇದು ದುಂಬಿ ತಡೆಯಲು, ಗಾಯ ಮಾಯಲು ಅಲ್ಲ. ನಿಮ್ಮ ಆಳಿಗೆ ಜನವರಿಯಲ್ಲಿ ಬಾ ಎನ್ನಿ. ಎಲೆ ಇರುವುದಿಲ್ಲ, ಯಾವ ಕೊಂಬೆ ಎಲ್ಲಿ ಹೋಗಿದೆ ಎಂದು ಚೆನ್ನಾಗಿ ಕಾಣುತ್ತದೆ, ಆಗ ಅವನಿಗೆ ಕೆಲಸ ಕಡಿಮೆ ಇರುವುದರಿಂದ ಕೂಲಿಯನ್ನೂ ಚೌಕಾಸಿ ಮಾಡಬಹುದು.